ದೀಪಧಾರಿಣಿಯ ದಫ್ತರ

ಗಂಗಾವತಿಯ ಕಡೆಯ ರೈತನು ನಾಟಿಯ ಕಾಲದಲ್ಲಿ ದಿನವಿಡೀ ಕೆಸರುಗದ್ದೆಯಲ್ಲಿ ನಿಂತು ದುಡಿಯುತ್ತಾನೆ. ಕಾಲಿನ ಹೆಬ್ಬೆರಳಿನ ಉಗುರನ್ನು ಮೂಲೆಯಲ್ಲಿ ತೀರ ಒಳಕ್ಕೆ ಕತ್ತರಿಸಿಕೊಂಡಿದ್ದರೆ, ಅದರ ಅಂಚು ಮಾಂಸದೊಳಗೆ ಬೆಳೆದು ಬೆರಳು ಬಾತು ಕೀವು ತುಂಬಬಹುದು. ಆಗ ವೈದ್ಯರು ಬೆರಳು ಮರಗಟ್ಟುವಂತೆ ಚುಚ್ಚುಮದ್ದು ಕೊಟ್ಟು, ಒಳಹೊಕ್ಕ ಅಂಚನ್ನು ಕತ್ತರಿಸಿ ತೆಗೆಯುತ್ತಾರೆ. ಚಿಕಿತ್ಸೆ ಚಿಕ್ಕದು, ಆದರೆ ಅದನ್ನು ಬರೆದಿಡುವ ಕೆಲಸ ಚಿಕ್ಕದಲ್ಲ. ಯಾವ ಕಾಲು, ಯಾವ ಬೆರಳು, ಉಗುರಿನ ಎಷ್ಟು ಭಾಗವನ್ನು ತೆಗೆಯಲಾಯಿತು, ಗಾಯವು ಮಾಯಿತೇ ಇಲ್ಲವೇ ಎಂಬುದೆಲ್ಲ ದಾಖಲಾಗಬೇಕು. ಇದೇ ನೋವನ್ನು ಕೊಪ್ಪಳದಲ್ಲಿ ಒಬ್ಬರು ಉಗುರುಸುತ್ತೆಂದೂ, ಕುಷ್ಟಗಿಯಲ್ಲಿ ಮತ್ತೊಬ್ಬರು ಹುಣ್ಣೆಂದೂ, ಯಲಬುರ್ಗಾದಲ್ಲಿ ಇನ್ನೊಬ್ಬರು ಬರಿಯ ಬಾವೆಂದೂ ಬರೆದರೆ, ಜಿಲ್ಲೆಯಲ್ಲಿ ಎಷ್ಟು ಜನರಿಗೆ ಈ ಬಾಧೆಯಿದೆಯೆಂದು ಎಣಿಸುವುದು ಹೇಗೆ? ಒಂದು ರೋಗಕ್ಕೆ ಎಲ್ಲೆಡೆಯೂ ಒಂದೇ ಹೆಸರು, ಒಂದೇ ಬಗೆಯ ದಾಖಲೆ ಇರಬೇಕೆಂದು ಹೋರಾಡಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅಗ್ರಗಣ್ಯಳು. ದೀಪ ಹಿಡಿದು ಗಾಯಾಳುಗಳ ನಡುವೆ ನಡೆದ ದಾದಿಯೆಂದು ಲೋಕವು ಆಕೆಯನ್ನು ಬಲ್ಲುದು. ಲೆಕ್ಕದ ಪುಸ್ತಕ ಹಿಡಿದು ಸರಕಾರದೊಡನೆ ವಾದಿಸಿದ ಆಕೆಯ ಇನ್ನೊಂದು ರೂಪವನ್ನು ಬಲ್ಲವರು ಕಡಿಮೆ.

ಆಕೆ 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಮನೆತನದಲ್ಲಿ ಜನಿಸಿದಳು. ಹುಟ್ಟಿದ ಊರಿನ ಹೆಸರನ್ನೇ ತಂದೆತಾಯಿಗಳು ಮಗಳಿಗೆ ಇಟ್ಟರು. ತಂದೆಯು ಮನೆಯಲ್ಲಿಯೇ ಭಾಷೆ, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಕಲಿಸಿದನು. ಗಣಿತವೆಂದರೆ ಆಕೆಗೆ ಬಲು ಪ್ರೀತಿ. ರೋಗಿಗಳ ಶುಶ್ರೂಷೆಯೇ ತನ್ನ ಬಾಳಿನ ಕೆಲಸವೆಂದು ನಿಶ್ಚಯಿಸಿದಾಗ ಮನೆಯವರು ಒಪ್ಪಲಿಲ್ಲ. ಆ ಕಾಲದಲ್ಲಿ ದಾದಿಯ ವೃತ್ತಿಗೆ ಗೌರವವಿರಲಿಲ್ಲ. ಹಲವು ವರ್ಷ ಕಾದು, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದಳು. 1853ರಲ್ಲಿ ಲಂಡನ್ನಿನ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಳು.

ಅಷ್ಟರಲ್ಲಿ ಕ್ರಿಮಿಯಾ ಯುದ್ಧ ಆರಂಭವಾಯಿತು. 1854ರ ನವೆಂಬರಿನಲ್ಲಿ ಆಕೆ 38 ಮಂದಿ ಸ್ತ್ರೀಯರೊಡನೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಸೇನಾ ಆಸ್ಪತ್ರೆಯನ್ನು ತಲುಪಿದಳು. ಅಲ್ಲಿ ಹಾಸಿಗೆಯಿರಲಿಲ್ಲ, ಶುಚಿಯಾದ ಬಟ್ಟೆಯಿರಲಿಲ್ಲ. ಕಟ್ಟಡದ ಅಡಿಯಲ್ಲಿ ಚರಂಡಿ ಕಟ್ಟಿ ಕೊಳೆತಿತ್ತು. ಇದಕ್ಕಿಂತಲೂ ವಿಚಿತ್ರವಾದುದೊಂದನ್ನು ಆಕೆ ಕಂಡಳು. ಸತ್ತವರ ಲೆಕ್ಕವನ್ನು ಮೂರು ಕಡೆ ಬರೆಯುತ್ತಿದ್ದರು: ಹೂಳಿದವರ ಪಟ್ಟಿ ಒಂದು, ವೈದ್ಯರ ವರದಿ ಒಂದು, ಸೇನಾ ಕಚೇರಿಯ ಲೆಕ್ಕ ಒಂದು. ಮೂರರಲ್ಲಿ ಯಾವುದೂ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಹೂಳಲ್ಪಟ್ಟ ನೂರಾರು ಸೈನಿಕರು ವೈದ್ಯರ ವರದಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಬದುಕಿದ್ದಾಗ ಆರೈಕೆ ಕಾಣದವರು ಸತ್ತ ಮೇಲೆ ಲೆಕ್ಕಕ್ಕೂ ಸಿಗಲಿಲ್ಲ.

1855ರ ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿಗಳನ್ನು ತೆಗೆಸಿ, ಕೊಠಡಿಗಳಿಗೆ ಗಾಳಿ ಬರುವಂತೆ ಮಾಡಿದರು. ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42ರಷ್ಟಿದ್ದ ಸಾವಿನ ಪ್ರಮಾಣವು ಜೂನ್ ವೇಳೆಗೆ 2ರ ಸಮೀಪಕ್ಕೆ ಇಳಿಯಿತು. ಯುದ್ಧ ಮುಗಿದು 1856ರಲ್ಲಿ ಇಂಗ್ಲೆಂಡಿಗೆ ಮರಳಿದ ಆಕೆ, ರೋಗಗಳ ವರ್ಗೀಕರಣದಲ್ಲಿ ನಿಪುಣನಾದ ವಿಲಿಯಂ ಫಾರ್‌ನೊಡನೆ ಕುಳಿತು ಅಂಕಿಗಳನ್ನು ಪರೀಕ್ಷಿಸಿದಳು. ಗುಂಡಿಗಿಂತ, ಕತ್ತಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳೇ ಸೈನಿಕರನ್ನು ಕೊಂದಿದ್ದವೆಂಬುದು ಸ್ಪಷ್ಟವಾಯಿತು. ಈ ಸತ್ಯವು ಮಂತ್ರಿಗಳ ಕಣ್ಣಿಗೆ ಒಡನೆಯೇ ಕಾಣಲೆಂದು ಆಕೆ ಅಂಕಿಗಳನ್ನು ಬಣ್ಣದ ಚಿತ್ರಗಳಾಗಿ ರೂಪಿಸಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ಸದಸ್ಯಳನ್ನಾಗಿ ಆರಿಸಿತು; ಆ ಗೌರವ ಪಡೆದ ಮೊದಲ ಮಹಿಳೆ ಆಕೆಯೇ.

1860ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಆಕೆಯ ಯೋಜನೆಯೊಂದು ಬಂದಿತು. ಪ್ರತಿ ಆಸ್ಪತ್ರೆಯೂ ಒಂದೇ ಮಾದರಿಯ ನಮೂನೆಯನ್ನು, ಒಂದೇ ರೋಗಪಟ್ಟಿಯನ್ನು ಬಳಸಬೇಕು. ಸೇರಿದವರೆಷ್ಟು, ಗುಣವಾದವರೆಷ್ಟು, ಗುಣವಾಗದೆ ಹೋದವರೆಷ್ಟು, ಸತ್ತವರೆಷ್ಟು ಎಂದು ಬರೆಯಬೇಕು. ಶಸ್ತ್ರಚಿಕಿತ್ಸೆಯ ತರುವಾಯ ಬಂದ ತೊಡಕುಗಳನ್ನೂ ಮುಚ್ಚಿಡದೆ ದಾಖಲಿಸಬೇಕೆಂದು ಆಕೆ ಮುಂದೆ ಸೂಚಿಸಿದಳು. ಸಮ್ಮೇಳನವು ಯೋಜನೆಯನ್ನು ಮೆಚ್ಚಿತು; ಲಂಡನ್ನಿನ ಕೆಲವು ಆಸ್ಪತ್ರೆಗಳು ಅದನ್ನು ಕೈಗೊಂಡವು. ಆದರೆ ಅದು ಎಲ್ಲೆಡೆ ನೆಲೆಯೂರಲಿಲ್ಲ.

ಭಾರತದ ಚಿಂತೆಯೂ ಆಕೆಯನ್ನು ಬಿಡಲಿಲ್ಲ. ಕೊಪ್ಪಳವು ಆಗ ನಿಜಾಮನ ಸೀಮೆಯಲ್ಲಿತ್ತು. ನೆರೆಯ ಬಳ್ಳಾರಿಯಲ್ಲಿ ಬ್ರಿಟಿಷರ ದಂಡು ಇತ್ತು. ಇಂಥ ಸೇನಾನೆಲೆಗಳ ಆರೋಗ್ಯವನ್ನು ಅರಿಯಲು 1859ರಲ್ಲಿ ಆಯೋಗವೊಂದು ನೇಮಕವಾಯಿತು. ನೆಲೆನೆಲೆಗೂ ಕಳುಹಿಸುವ ಪ್ರಶ್ನಾವಳಿಯನ್ನು ಸಿದ್ಧಪಡಿಸುವುದರಲ್ಲಿ ಆಕೆಯ ಕೈಯಿತ್ತು. ಭಾರತದಲ್ಲಿ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರೆಂದು 1863ರ ವರದಿಯು ತೋರಿಸಿತು. ರೋಗದಿಂದ ಬಹುಕಾಲ ಹಾಸಿಗೆ ಹಿಡಿದಿದ್ದ ಆಕೆ ಭಾರತವನ್ನು ನೋಡಲೇ ಇಲ್ಲ. ಆದರೂ ಇಲ್ಲಿಯ ಹಳ್ಳಿಗಳ ನೈರ್ಮಲ್ಯ, ಬರಗಾಲ, ನೀರಾವರಿಗಳ ವಿಷಯವಾಗಿ ದಶಕಗಳ ಕಾಲ ಬರೆಯುತ್ತಲೇ ಇದ್ದಳು.

1910ರ ಆಗಸ್ಟ್ 13ರಂದು, ತನ್ನ 90ನೆಯ ವಯಸ್ಸಿನಲ್ಲಿ ಆಕೆ ನಿಧನಳಾದಳು. ಆದರೆ ಆಕೆ ಬಯಸಿದ ಕೆಲಸ ನಿಲ್ಲಲಿಲ್ಲ. ಫಾರ್ ಹಾಕಿದ ತಳಹದಿಯ ಮೇಲೆ ಫ್ರಾನ್ಸಿನ ಬರ್ಟಿಲಾನ್ 1893ರಲ್ಲಿ ಸಾವಿನ ಕಾರಣಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಮಂಡಿಸಿದ್ದನು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೊಲ್ಲದ ಕಾಯಿಲೆಗಳಿಗೂ ಆ ಪಟ್ಟಿಯಲ್ಲಿ ಸ್ಥಾನ ಕೊಟ್ಟಿತು. ಅದರ ಹತ್ತನೆಯ ಪರಿಷ್ಕರಣದಲ್ಲಿ ಒಳಬೆಳೆದ ಉಗುರಿಗೆ ಎಲ್ 60.0 ಎಂಬ ಸಂಕೇತವಿದೆ. ಅದನ್ನು ಗಂಗಾವತಿಯಲ್ಲಿ ಬರೆದರೂ ಲಂಡನ್ನಿನಲ್ಲಿ ಬರೆದರೂ ಅರ್ಥ ಒಂದೇ. ಸ್ಕುಟಾರಿಯಲ್ಲಿ ಮಡಿದ ಸೈನಿಕನಿಗೆ ಸಿಗದ ಒಂದು ಸಾಲಿನ ದಾಖಲೆ ಇಂದು ಬಡ ರೈತನ ಬೆರಳಿಗೂ ದೊರೆಯಬಲ್ಲುದು. ನೊಂದವರನ್ನು ಉಪಚರಿಸುವಂತೆಯೇ ಅವರ ನೋವನ್ನು ಸತ್ಯವಾಗಿ ಬರೆದಿಡುವುದೂ ಸೇವೆಯೆಂಬುದನ್ನು ನೈಟಿಂಗೇಲಳ ಬಾಳು ತೋರಿಸಿಕೊಟ್ಟಿದೆ.