ಎಡಿಸನ್ ವಾಪಸ್ ತಗೊಂಡ ಬ್ಯಾಟರಿಗಳು

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಮಾವನ ಗೂಡ್ಸ್ ಆಟೋಗೆ ಫ್ಯಾನ್ ಹಾಕೋಕೆ ಹೋಗಿ, ಫ್ಯಾನನ್ನೇ ಸುಟ್ಟುಹಾಕಿದೆ. ಮಾವ ಕಾಮಾಕ್ಷಿಪಾಳ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾ ಕಡೆ ಲೋಡ್‌ಗೋಸ್ಕರ ಗಂಟೆಗಟ್ಟಲೆ ಕಾಯ್ತಾರೆ. ಇಂಜಿನ್ ಆಫ್ ಮಾಡಿ ಫ್ಯಾನ್ ಓಡಿಸಿದ್ರೆ ಗಾಡಿ ಬ್ಯಾಟರಿ ಇಳಿದುಹೋಗುತ್ತೆ. ಮನೆಯಲ್ಲಿ 18 ವೋಲ್ಟ್‌ನ ಡ್ರಿಲ್ ಬ್ಯಾಟರಿ ಇತ್ತು, ಫ್ಯಾನ್ 12 ವೋಲ್ಟ್‌ದು. ಸ್ವಲ್ಪ ತಾನೇ ಜಾಸ್ತಿ ಅಂತ ನೇರವಾಗಿ ಕೊಟ್ಟೆ. ಆ ಬ್ಯಾಟರಿಯೊಳಗೆ ಐದು ಲಿಥಿಯಂ ಅಯಾನ್ ಸೆಲ್‌ಗಳು ಸೀರೀಸ್‌ನಲ್ಲಿರುತ್ತವೆ. ಪೂರ್ತಿ ಚಾರ್ಜ್ ಆದಾಗ ಒಂದೊಂದೂ 4.2 ವೋಲ್ಟ್, ಒಟ್ಟು 21 ವೋಲ್ಟ್. ಎರಡನೇ ವರ್ಷದ ವಿದ್ಯಾರ್ಥಿಗೆ ಈ ಲೆಕ್ಕ ಗೊತ್ತಿರಬೇಕಿತ್ತು.

ಆ ಅವಮಾನದಲ್ಲಿ ಬ್ಯಾಟರಿಗಳ ಬಗ್ಗೆ ಓದ್ತಾ ಹೋದಾಗ ಸಿಕ್ಕವನು ಥಾಮಸ್ ಆಲ್ವಾ ಎಡಿಸನ್. ಬಲ್ಬಿನ ಎಡಿಸನ್ ನಮಗೆಲ್ಲ ಗೊತ್ತು. ಬ್ಯಾಟರಿಯ ಎಡಿಸನ್ ನಂಗೆ ಗೊತ್ತಿರಲಿಲ್ಲ.

ಎಡಿಸನ್ ಹುಟ್ಟಿದ್ದು 1847ರಲ್ಲಿ, ಅಮೆರಿಕದ ಒಹಾಯೋ ರಾಜ್ಯದಲ್ಲಿ. ಸ್ಕೂಲಿಗೆ ಹೋಗಿದ್ದು ತುಂಬಾ ಕಮ್ಮಿ, ಓದು ಬರಹ ಕಲಿಸಿದ್ದು ಅಮ್ಮ. ಚಿಕ್ಕ ವಯಸ್ಸಿನಿಂದಲೇ ಕಿವಿ ಮಂದ. ಹುಡುಗನಾಗಿದ್ದಾಗ ರೈಲಿನಲ್ಲಿ ಪೇಪರ್ ಮಾರ್ತಾ, ಲಗೇಜ್ ಡಬ್ಬಿಯಲ್ಲೇ ಪುಟ್ಟ ಲ್ಯಾಬ್ ಇಟ್ಟುಕೊಂಡಿದ್ದ. ಆಮೇಲೆ ಟೆಲಿಗ್ರಾಫ್ ಆಪರೇಟರ್ ಆದ. 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ಬಲ್ಬ್, 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಿಂದ ಮನೆಗಳಿಗೆ ಡಿಸಿ ಕರೆಂಟ್. ಎಸಿ ಬೇಡ ಅಂತ ಹಟ ಹಿಡಿದು ಆ ಜಗಳದಲ್ಲಿ ಸೋತ. 1892ರಲ್ಲಿ ಅವನ ಕಂಪನಿ ಇನ್ನೊಂದರ ಜೊತೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯ್ತು, ಹೆಸರಿನಿಂದ ಎಡಿಸನ್ ಅನ್ನೋದೇ ಹೋಯ್ತು. ನಮ್ಮ ಶಿವನಸಮುದ್ರಕ್ಕೆ ಜನರೇಟರ್ ಕೊಟ್ಟಿದ್ದು ಇದೇ ಕಂಪನಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಕರೆಂಟ್ ಬಂತು. ಬಂದಿದ್ದು ಎಡಿಸನ್ ಬೇಡ ಅಂದಿದ್ದ ಎಸಿ.

ಆ ನಂತರ ಬಡ ಅದಿರಿನಿಂದ ಕಬ್ಬಿಣವನ್ನು ಅಯಸ್ಕಾಂತದಲ್ಲಿ ಬೇರ್ಪಡಿಸುವ ಗಣಿಗೆ ದುಡ್ಡು ಸುರಿದ. ಬೇರೆ ಕಡೆ ಅಗ್ಗದ ಅದಿರು ಸಿಕ್ಕಿ ಅದೂ ಮುಳುಗಿತು. 1899ರಲ್ಲಿ, 52ನೇ ವಯಸ್ಸಿನಲ್ಲಿ, ಅವನು ಬ್ಯಾಟರಿಗೆ ಕೈ ಹಾಕಿದ.

ಆಗ ಎಲೆಕ್ಟ್ರಿಕ್ ಕಾರುಗಳು ರಸ್ತೆಯಲ್ಲಿದ್ದವು. ಅದರ ಲೆಡ್ ಆಸಿಡ್ ಬ್ಯಾಟರಿ ಸೀಸದ ಭಾರ, ಒಳಗೆಲ್ಲ ಆಸಿಡ್. ಎಡಿಸನ್ ಆಸಿಡ್ ಬಿಟ್ಟು ಕ್ಷಾರದ ದಾರಿ ಹಿಡಿದ: ಒಂದು ಕಡೆ ನಿಕಲ್, ಇನ್ನೊಂದು ಕಡೆ ಕಬ್ಬಿಣ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಒಂದು ಸೆಲ್‌ಗೆ ಸುಮಾರು 1.2 ವೋಲ್ಟ್. 1901ರಲ್ಲಿ ಕಂಪನಿ ಶುರು ಮಾಡಿದ. ಪೇಪರ್‌ಗಳಲ್ಲಿ ದೊಡ್ಡ ಪ್ರಚಾರ, ಮಾಡಿಸಿಕೊಂಡವನೂ ಅವನೇ. ಬ್ಯಾಟರಿ ಮಾರಾಟ ಆಯ್ತು, ಗಾಡಿಗಳಿಗೆ ಕೂತಿತು. ಆಮೇಲೆ ಸೋರೋಕೆ ಶುರು. ಕೆಲವು ಬ್ಯಾಟರಿಗಳು ಚಾರ್ಜ್ ಹಿಡಿದುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡವು.

ನನಗೆ ಇಷ್ಟ ಆಗಿದ್ದು ಇಲ್ಲಿಂದ ಮುಂದಿನ ಕಥೆ. 1904ರ ಕೊನೆಗೆ ಅವನು ತಯಾರಿಕೆಯನ್ನೇ ನಿಲ್ಲಿಸಿದ, ಕೆಟ್ಟ ಬ್ಯಾಟರಿಗಳನ್ನು ವಾಪಸ್ ತಗೊಂಡ. ಗ್ರಾಹಕರು ಸರಿಯಾಗಿ ಬಳಸಲಿಲ್ಲ ಅಂತ ಜಾರಿಕೊಳ್ಳಬಹುದಿತ್ತು, ಜಾರಿಕೊಳ್ಳಲಿಲ್ಲ. ಮತ್ತೆ ಲ್ಯಾಬ್ ಸೇರಿದ. ಸಾವಿರಾರು ಪ್ರಯೋಗ, ಸುಮಾರು ಐದು ವರ್ಷ. ನಿಕಲ್ ಸಂಯುಕ್ತದ ಪುಡಿ ಕರೆಂಟನ್ನು ಚೆನ್ನಾಗಿ ಹರಿಸಲ್ಲ. ಅದಕ್ಕೆ ಕೊಳವೆಗಳೊಳಗೆ ಒಂದು ಪದರ ಪುಡಿ, ಒಂದು ಪದರ ತೆಳು ನಿಕಲ್ ಚೂರು, ಹೀಗೆ ಒತ್ತಿ ತುಂಬಿಸಿದ. ಕ್ಷಾರದ ದ್ರಾವಣಕ್ಕೆ ಲಿಥಿಯಂ ಹೈಡ್ರಾಕ್ಸೈಡ್ ಸೇರಿಸಿದ. ನಮ್ಮ ಡ್ರಿಲ್ ಬ್ಯಾಟರಿಯ ಲಿಥಿಯಂ ಮಾಡೋ ಕೆಲಸ ಬೇರೆ, ಆದ್ರೂ ಆ ಹೆಸರು ಅಲ್ಲಿ ಕಂಡಾಗ ಖುಷಿ ಆಯ್ತು.

1909ರಲ್ಲಿ ಹೊಸ ಬ್ಯಾಟರಿ ಬಂತು. ಗಟ್ಟಿಮುಟ್ಟು, ವರ್ಷಗಟ್ಟಲೆ ಬಾಳಿಕೆ. ಆದ್ರೆ 1908ರಲ್ಲೇ ಫೋರ್ಡ್‌ನ ಮಾಡೆಲ್ ಟಿ ಬಂದಾಗಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟೆರಿಂಗ್ ಎಲೆಕ್ಟ್ರಿಕ್ ಸ್ಟಾರ್ಟರ್ ಮಾಡಿಕೊಟ್ಟ ಮೇಲೆ, ಪೆಟ್ರೋಲ್ ಕಾರಿನ ಹ್ಯಾಂಡಲ್ ತಿರುಗಿಸುವ ಕಷ್ಟವೂ ತಪ್ಪಿತು. ಸ್ಟಾರ್ಟರ್‌ಗೆ ಒಂದು ಕ್ಷಣಕ್ಕೆ ಭಾರಿ ಕರೆಂಟ್ ಬೇಕು. ಎಡಿಸನ್ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ, ಚಳಿಯಲ್ಲಂತೂ ಕೈಕೊಡುತ್ತಿತ್ತು. ಆ ಜಾಗಕ್ಕೆ ಅವನು ಓಡಿಸೋಕೆ ಹೊರಟಿದ್ದ ಲೆಡ್ ಆಸಿಡ್ಡೇ ಬಂದು ಕೂತಿತು. ಸ್ಟಾರ್ಟರ್, ಲೈಟು, ಹಾರ್ನು ಅಂತ ಮಾವನ ಆಟೋದಲ್ಲಿ ಇವತ್ತೂ ಅದೇ ಕೂತಿದೆ.

ಹಾಗಂತ ಶ್ರಮ ವ್ಯರ್ಥ ಆಗಲಿಲ್ಲ. ಗಣಿ ಕಾರ್ಮಿಕರ ತಲೆ ದೀಪ, ರೈಲ್ವೆ ಸಿಗ್ನಲ್, ರೈಲು ಡಬ್ಬಿಯ ಲೈಟು ಇವಕ್ಕೆಲ್ಲ ಅವನ ಬ್ಯಾಟರಿ ಒಳ್ಳೇ ಲಾಭ ತಂತು. ಕಹಿಯೂ ಇತ್ತು. 1916ರಲ್ಲಿ ಅಮೆರಿಕ ನೌಕಾಪಡೆಯ ಇ-2 ಸಬ್‌ಮರೀನ್‌ನಲ್ಲಿ ಅವನ ಬ್ಯಾಟರಿಗಳಿಂದ ಹೊರಬಂದ ಹೈಡ್ರೋಜನ್ ಸ್ಫೋಟಿಸಿ ನಾವಿಕರು ಸತ್ತರು. ಎಡಿಸನ್ ತೀರಿಕೊಂಡಿದ್ದು 1931ರಲ್ಲಿ. ಅವನ ಬ್ಯಾಟರಿ 1970ರ ದಶಕದವರೆಗೂ ತಯಾರಾಗ್ತಿತ್ತು.

ಇದನ್ನೆಲ್ಲ ಓದಿ ಫ್ಯಾನ್ ಕೆಲಸ ಮೊದಲಿಂದ ಶುರು ಮಾಡಿದೆ. 12 ವೋಲ್ಟ್‌ಗೆ ಇಳಿಸೋಕೆ ಬಕ್ ಕನ್ವರ್ಟರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ವೋಲ್ಟೇಜ್ ತೀರಾ ಇಳಿದಾಗ ನಿಲ್ಲಿಸುವ ವ್ಯವಸ್ಥೆ ಎಷ್ಟೋ ಸಲ ಡ್ರಿಲ್‌ನಲ್ಲಿರುತ್ತೆ, ಬ್ಯಾಟರಿಯಲ್ಲಿ ಇರಲ್ಲ. ಅದಕ್ಕೆ 15 ವೋಲ್ಟ್‌ಗೆ ಕಟ್ ಆಗೋ ಸರ್ಕ್ಯೂಟ್ ಬೇರೆ ಹಾಕಿದೆ. ಮಾವನಿಗೆ ಕೊಡೋಕೆ ಮುಂಚೆ ಒಂದು ವಾರ ಮನೆಯಲ್ಲೇ ಓಡಿಸಿ, ಬಿಸಿಯಾಗುತ್ತಾ ಅಂತ ಮುಟ್ಟಿ ಮುಟ್ಟಿ ನೋಡಿದೆ. ಮಾವ ಕೊಡೋ ಮಾರಾಯ ಅಂತ ಬೈದರು. ಏನಾದ್ರೂ ಎಡವಟ್ಟಾದ್ರೆ ವಾಪಸ್ ಕೊಡಿ, ಬಿಚ್ಚಿ ನೋಡ್ತೀನಿ ಅಂತ ಹೇಳೇ ಕೊಟ್ಟಿದ್ದೀನಿ. ಇಲ್ಲಿವರೆಗೂ ವಾಪಸ್ ಬಂದಿಲ್ಲ.