ಪೋರ್ಟ್ 69ರ ಹಿಂದಿನ ಮನುಷ್ಯ: ಜಾನ್ ಪೋಸ್ಟೆಲ್

ಕಳೆದ ಸೆಮ್ ರಜೆಯಲ್ಲಿ ಮತ್ತಿಕೆರೆಯ ನಮ್ಮ ಬಾಡಿಗೆ ರೂಮಿನಲ್ಲಿ ಎಂಟು ಹಳೇ ಕಂಪ್ಯೂಟರ್ ಇಟ್ಕೊಂಡು ಕೂತಿದ್ವಿ. ಒಂದು ಸರ್ಕಾರಿ ಶಾಲೆಗೆ ಕೊಡೋ ಮೊದಲು ಎಲ್ಲದಕ್ಕೂ ಲಿನಕ್ಸ್ ಹಾಕಬೇಕಿತ್ತು. ಒಂದೊಂದಕ್ಕೂ ಪೆನ್‌ಡ್ರೈವ್ ಹಾಕೋ ಬದಲು ಇಮೇಜಿಂಗ್ ಸರ್ವರ್ ಮಾಡಿ, ನೆಟ್‌ವರ್ಕ್‌ನಿಂದಲೇ ಬೂಟ್ ಮಾಡೋಣ ಅಂತ ನಮ್ಮ ಪ್ಲಾನ್. ಎಂಟರಲ್ಲೂ ಒಂದೇ ಎರರ್ ಬಂತು: ಪಿಎಕ್ಸ್‌ಇ-ಇ32, ಟಿಎಫ್‌ಟಿಪಿ ಓಪನ್ ಟೈಮ್‌ಔಟ್.

ಹುಡುಕಿದ ಕಡೆಯೆಲ್ಲಾ ಮೂರು ಪೋರ್ಟ್ ನಂಬರ್ ಸಿಕ್ಕವು. ಡಿಎಚ್‌ಸಿಪಿಗೆ 67 ಮತ್ತು 68, ಟಿಎಫ್‌ಟಿಪಿಗೆ 69. ಇಂಥ ನಂಬರ್‌ಗಳ ಲೆಕ್ಕ ಇಟ್ಟಿದ್ದು ಯಾರು ಅಂತ ನೋಡಿದ್ರೆ, ಅದು ಜಾನ್ ಪೋಸ್ಟೆಲ್.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1966ರಲ್ಲಿ ಯುಸಿಎಲ್‌ಎಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. 1969ರಲ್ಲಿ ಇಂಟರ್‌ನೆಟ್‌ಗೆ ಮೂಲವಾದ ಅರ್ಪಾನೆಟ್ ಶುರುವಾದಾಗ ಅದರ ಮೊದಲ ನೋಡ್ ಅಲ್ಲೇ ಇತ್ತು. ಆಗ ಪೋಸ್ಟೆಲ್ ಕೂಡ ನಮ್ಮ ಹಾಗೇ ಸ್ಟೂಡೆಂಟ್. ಉಳಿದವರು ಹೊಸದನ್ನ ಕಟ್ಟೋ ಖುಷಿಯಲ್ಲಿದ್ದಾಗ, ಯಾವ ನಂಬರ್ ಯಾವುದಕ್ಕೆ ಅಂತ ಬರೆದಿಡೋ ಕೆಲಸವನ್ನ ಇವರು ಹೊತ್ತುಕೊಂಡರು. ಇಂಟರ್‌ನೆಟ್‌ನ ನಿಯಮಗಳನ್ನ ಬರೆದಿಡೋ ಆರ್‌ಎಫ್‌ಸಿ ಅನ್ನೋ ದಾಖಲೆಗಳಿಗೂ ಕೊನೇವರೆಗೆ ಅವರೇ ಸಂಪಾದಕರು.

1980ರಲ್ಲಿ ಅವರು ಯುಡಿಪಿಯ ಆರ್‌ಎಫ್‌ಸಿ ಬರೆದರು. ಬರೀ ಮೂರು ಪುಟ. ಯುಡಿಪಿ ಪ್ಯಾಕೆಟ್ ಕಳಿಸುತ್ತೆ, ತಲುಪ್ತಾ ಅಂತ ನೋಡಲ್ಲ. ಡಿಎಚ್‌ಸಿಪಿ, ಟಿಎಫ್‌ಟಿಪಿ ಎರಡೂ ನಡೆಯೋದು ಇದರ ಮೇಲೆ. ಅದಕ್ಕೇ ಉತ್ತರ ಬರದಿದ್ದಾಗ ಕಾರಣ ಗೊತ್ತಾಗಲ್ಲ, ಟೈಮ್‌ಔಟ್ ಅಂತ ಮಾತ್ರ ಬರುತ್ತೆ.

ದೇಶಗಳ ಹೆಸರಿನ ಡೊಮೇನ್ ಕೊಡೋದೂ ಅವರ ಕೈಲಿತ್ತು. ಯಾವುದು ದೇಶ, ಯಾವುದು ಅಲ್ಲ ಅಂತ ತಾವು ತೀರ್ಮಾನ ಮಾಡೋಕೆ ಹೋಗದೆ, ಐಎಸ್‌ಒ ಪಟ್ಟಿಯನ್ನೇ ಬಳಸಿದರು. ನಮ್ಮ ಡಾಟ್ ಇನ್ ಬಂದಿದ್ದು 1989ರಲ್ಲಿ. ಆಗ ಭಾರತದ ಅರ್ನೆಟ್ ಜಾಲದಲ್ಲಿದ್ದ ಮೊದಲ ಕೆಲವೇ ಸಂಸ್ಥೆಗಳಲ್ಲಿ ನಮ್ಮ ಪಕ್ಕದ ಐಐಎಸ್‌ಸಿಯೂ ಒಂದು.

ಅವರ ಬದುಕಲ್ಲಿ ವಿವಾದ ಇರಲಿಲ್ಲ ಅಂತಲ್ಲ. 1998ರ ಜನವರಿಯಲ್ಲಿ ಎಂಟು ರೂಟ್ ಸರ್ವರ್ ನಡೆಸೋರಿಗೆ ಮೇಲ್ ಕಳಿಸಿ, ಮಾಹಿತಿಯನ್ನ ತಮ್ಮ ಕಡೆಯ ಸರ್ವರ್‌ನಿಂದ ತಗೊಳ್ಳಿ ಅಂದರು. ಅವರ ಮೇಲಿನ ನಂಬಿಕೆಗೆ ಅವರೆಲ್ಲಾ ಒಪ್ಪಿದರು. ಅಮೆರಿಕ ಸರ್ಕಾರಕ್ಕೆ ಗಾಬರಿಯಾಯ್ತು, ಪೋಸ್ಟೆಲ್ ಅದನ್ನ ವಾಪಸ್ ತಗೊಂಡರು. ಅದೇ ವರ್ಷ ಅಕ್ಟೋಬರ್ 16ರಂದು, ಹೃದಯದ ಆಪರೇಷನ್ ನಂತರ ತೀರಿಕೊಂಡರು. ವಯಸ್ಸು ಬರೀ 55. ಆ ಲೆಕ್ಕ ಇಡೋ ಕೆಲಸ ಐಕ್ಯಾನ್ ಸಂಸ್ಥೆಗೆ ಹೋಯ್ತು.

ನಮ್ಮ ಎರರ್ ಏನಾಯ್ತು ಅಂತೀರಾ? ಟಿಸಿಪಿಡಂಪ್ ಹಾಕಿ ನೋಡಿದ್ವಿ. ಕಂಪ್ಯೂಟರ್‌ಗಳಿಗೆ ಐಪಿ ಸರಿಯಾಗೇ ಸಿಗ್ತಿತ್ತು, ಆದರೆ ಬೂಟ್ ಫೈಲ್ ಕೇಳೋಕೆ ಅವು ಬೇರೆ ವಿಳಾಸಕ್ಕೆ ಹೋಗ್ತಿದ್ವು. ಹಿಂದಿನ ವಾರ ನಾವೇ ಸರ್ವರ್‌ನ ಐಪಿ ಬದಲಾಯಿಸಿದ್ವಿ, ಡಿಎಚ್‌ಸಿಪಿ ಫೈಲ್‌ನಲ್ಲಿ ಹಳೇದೇ ಉಳಿದಿತ್ತು. ಬದಲಾಯಿಸಿದ್ದು ಎಲ್ಲೂ ಬರೆದಿಟ್ಟಿರಲಿಲ್ಲ. ಆ ಒಂದು ಸಾಲು ತಿದ್ದಿದ ಮೇಲೆ ಎಂಟೂ ಬೂಟ್ ಆದವು.

ಪೋಸ್ಟೆಲ್ ಸುಮಾರು 30 ವರ್ಷ ಮಾಡಿದ ಕೆಲಸವನ್ನ ನಾವು ಒಂದು ವಾರ ಮಾಡಿರಲಿಲ್ಲ, ಅಷ್ಟೇ. ಈಗ ಸರ್ವರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇದೆ. ಐಪಿ, ಪೋರ್ಟ್, ಫೈಲ್ ಹೆಸರು, ಬದಲಾಯಿಸಿದ ತಾರೀಕು. ಶಾಲೆಗೆ ಕಂಪ್ಯೂಟರ್ ಕೊಟ್ಟಾಗ ಅದರದ್ದೊಂದು ಕಾಪಿನೂ ಕೊಟ್ಟು ಬಂದ್ವಿ.