ಅಕ್ಕಮಹಾದೇವಿಯವರೂ ಬಯಲೆಂಬ ಶಬ್ದವೂ

ಮಹಾಶಿವಶರಣೆಯಾದ ಅಕ್ಕಮಹಾದೇವಿಯವರು ಕ್ರಿ. ಶ. 12ನೆಯ ಶತಮಾನದಲ್ಲಿ ಉಡುತಡಿಯೆಂಬ ಗ್ರಾಮದಲ್ಲಿ ಅವತರಿಸಿದರು. ಈಗಿನ ಶಿವಮೊಗ್ಗ ಜಿಲ್ಲೆಗೆ ಸೇರಿದ ಈ ಊರು ಬಳ್ಳಿಗಾವೆಗೆ ಸಮೀಪದಲ್ಲಿ, ಮಲೆನಾಡು ಮುಗಿದು ಬಯಲುಸೀಮೆಯು ಮೊದಲಾಗುವ ಎಡೆಯಲ್ಲಿರುವುದು. ಒಂದು ಕಡೆ ಕಾನು, ಮತ್ತೊಂದು ಕಡೆ ಬಯಲು. ಎರಡೂ ಮನೆಯ ಹೊರಗಿನ ಠಾವುಗಳೇ ಆದರೂ ಕನ್ನಡಿಗರ ನುಡಿಯಲ್ಲಿ ಒಂದಲ್ಲ. ಈ ಭೇದವನ್ನು ಲಕ್ಷಿಸದೆ ಓದಿದರೆ ಅಕ್ಕನವರ ಚರಿತ್ರೆಯ ತಿರುಳು ಕೈಗೆ ದೊರೆಯದು.

ಆ ನಾಡಿನ ಅರಸನಾದ ಕೌಶಿಕನು ಅವರ ರೂಪಕ್ಕೆ ಮರುಳಾಗಿ ಬಲವಂತಪಡಿಸಿದನು. ವಿವಾಹವು ನಡೆಯಿತೆಂದು ಹರಿಹರ ಕವಿಯ ರಗಳೆಯೂ, ನಡೆಯಲಿಲ್ಲವೆಂದು ಚಾಮರಸನ ಪ್ರಭುಲಿಂಗಲೀಲೆಯೂ ಹೇಳುವುವು. ಆ ವಾದವನ್ನು ಇಲ್ಲಿ ಬೆಳೆಸುವುದು ಅನಾವಶ್ಯಕ. ಅರಮನೆಯನ್ನು ತೊರೆದು ಅವರು ಹೊರಗೆ ಬಂದರೆಂಬುದು ಇಬ್ಬರಿಗೂ ಸಮ್ಮತ.

ಹೊರಗೆಂಬ ಮಾತು ಹೆಂಗಸರ ಪಾಲಿಗೆ ಸೌಮ್ಯವಾದುದಲ್ಲ. ರಜಸ್ವಲೆಯನ್ನು ಹೊರಗಾದಳೆನ್ನುವುದು ನಾಡಿನ ವಾಡಿಕೆ. ಕುಲದಿಂದ ತಳ್ಳಲ್ಪಟ್ಟವರನ್ನು ಹೊರಗಿಟ್ಟರೆನ್ನುವರು. ಪಂಚಸೂತಕಗಳನ್ನು ನಿರಾಕರಿಸಿದ ಶರಣಮಾರ್ಗದಲ್ಲಿ ಈ ಮಾತಿಗೆ ಎಡೆಯಿಲ್ಲವಾದರೂ, ನಮ್ಮ ಭಕ್ತರ ಮನೆಗಳಲ್ಲಿಯೇ ಅದು ಕೇಳಿಬರುವುದೆಂಬುದನ್ನು ವ್ಯಸನದಿಂದ ಹೇಳಬೇಕಾಗಿದೆ. ಅನ್ಯರನ್ನು ಶಿಕ್ಷೆಯಾಗಿ ನೂಕುವ ಆ ಹೊರಗನ್ನೇ ಅಕ್ಕನವರು ತಾವಾಗಿ ವರಿಸಿದರು. ಕೇಶವನ್ನೇ ಹೊದಿಕೆಯಾಗಿಸಿಕೊಂಡು, ಊರೂರುಗಳಲ್ಲಿ ಭಿಕ್ಷೆಯೆತ್ತಿ, ಪಾಳುದೇಗುಲಗಳಲ್ಲಿ ಮಲಗಿ, ಅಡವಿಯ ಗಿಳಿ ಕೋಗಿಲೆಗಳಲ್ಲಿ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ವಿಚಾರಿಸುತ್ತ ಕಲ್ಯಾಣವನ್ನು ಸೇರಿದರು.

ಅಲ್ಲಿ ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಅವರನ್ನು ಕಠಿನವಾಗಿ ಪರೀಕ್ಷಿಸಿದುದು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಪತಿಯ ಕುರುಹನ್ನು ಕೇಳಿದರು. ಸೀರೆಯನ್ನು ಬಿಟ್ಟ ಮೇಲೆ ಕೂದಲ ಮರೆಯೇಕೆಂದೂ ಕೇಳಿದರು. ಇದು ಅವಮಾನಗೊಳಿಸುವ ಪ್ರಶ್ನೆಯೆಂದು ಕೆಲವರು ನೊಂದುಕೊಳ್ಳುವರು. ನಮಗೆ ಹಾಗೆ ತೋರದು. ಮನೆಯನ್ನು ಬಿಟ್ಟವರೆಲ್ಲರೂ ಹೊರಗಿರುವರು, ಆದರೆ ಬಯಲಿನಲ್ಲಿರುವರೇ ಎಂಬುದೇ ಪ್ರಭುಗಳ ವಿಚಾರವಾಗಿದ್ದಿತು. ಆ ಮರೆಯು ತಮ್ಮ ಲಜ್ಜೆಗಾಗಿಯಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬುದಾಗಿ ಅಕ್ಕನವರು ಸಮಾಧಾನವಿತ್ತರು. ವಯಸ್ಸಿನಲ್ಲಿ ಕಿರಿಯರಾಗಿದ್ದವರನ್ನು ಶರಣರೆಲ್ಲರೂ ಅಕ್ಕನೆಂದು ಕರೆದರು.

ಬಯಲೆಂದರೆ ಮರೆಯಿಲ್ಲದ ನೆಲ. ಬಯಲಾಟವು ಈ ಅರ್ಥದಿಂದಲೇ ಹೆಸರು ಪಡೆದಿರುವುದು. ಗುಟ್ಟು ಬಯಲಾಯಿತೆನ್ನುವಲ್ಲಿ ಮುಚ್ಚಿದುದು ತೆರೆಯಿತೆಂಬ ಅರ್ಥ. ಬರಿದೆಂಬ ಅರ್ಥವೂ ಉಂಟು. ಇವೆಲ್ಲವನ್ನೂ ಒಳಗೊಂಡ ಈ ಅಚ್ಚಗನ್ನಡದ ಮಾತನ್ನು ಶರಣರು ನಿರಾಕಾರವಾದ ಪರವಸ್ತುವಿಗೆ ಇಟ್ಟರು. ಒಳಗು ಹೊರಗೆನ್ನುವುದಕ್ಕೆ ನಡುವೆ ಗೋಡೆಯೊಂದು ಬೇಕು. ಬಯಲಿಗೆ ಅದು ಬೇಡ. ಶರಣೆ ಬೊಂತಾದೇವಿಯವರೂ ಊರೊಳಗಿನ ಬಯಲಿಗೂ ಊರ ಹೊರಗಿನ ಬಯಲಿಗೂ ಭೇದವನ್ನೆಣಿಸುವವರನ್ನು ಪ್ರಶ್ನಿಸಿರುವರು.

ಕಲ್ಯಾಣದಿಂದ ಅಕ್ಕನವರು ಶ್ರೀಶೈಲಕ್ಕೆ ನಡೆದು ಕದಳಿಯನ್ನು ಹೊಕ್ಕರು. ಕದಳಿಯೆಂದರೆ ಬಾಳೆ, ಅದನ್ನು ತನುಮನಗಳ ಸಂಕೇತವಾಗಿಯೂ ಅವರು ತಮ್ಮ ವಚನದಲ್ಲಿ ಬಳಸಿರುವರು. ಅಲ್ಲಿಯೇ ಚೆನ್ನಮಲ್ಲಿಕಾರ್ಜುನನಲ್ಲಿ ಐಕ್ಯರಾದರೆಂದು ಪ್ರತೀತಿ. ಕೃಷ್ಣಾತೀರದಲ್ಲಿ ಅವರ ಹೆಸರಿನ ಗವಿಗಳನ್ನು ಯಾತ್ರಿಕರು ಇಂದಿಗೂ ದರ್ಶಿಸುವರು. ಮೈಯನ್ನು ಕುಗ್ಗಿಸಿಕೊಂಡು ಇಕ್ಕಟ್ಟಾದ ಕತ್ತಲೆಯೊಳಗೆ ಹೋಗಿ ಲಿಂಗವನ್ನು ಕಂಡುಬಂದ ಭಕ್ತರು, ಅಕ್ಕನವರು ಇಲ್ಲಿ ಬಯಲಾದರೆಂದೇ ಹೇಳುವರು.